ಹೊತ್ತಿನ ಬಡತನ

1981ರ ಫೆಬ್ರವರಿಯಲ್ಲಿ ನಾನು ಜನಗಣತಿಯ ಕೆಲಸಕ್ಕೆ ನೇಮಕಗೊಂಡಿದ್ದೆ. ಆಗ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನೆಂಬುದು ಈ ಪುಟಗಳನ್ನು ಓದುತ್ತ ಬಂದಿರುವ ನಿಮಗೆ ತಿಳಿದೇ ಇದೆ. ಬೆಳಗ್ಗೆ ಪಾಠ, ಸಂಜೆ ಕಂಕುಳಲ್ಲಿ ಗಣತಿಯ ಕಾಗದದ ಕಟ್ಟು. ಪ್ರತಿಯೊಬ್ಬರನ್ನೂ ಕೇಳಬೇಕಾಗಿದ್ದ ಪ್ರಶ್ನೆಗಳಲ್ಲಿ ಒಂದು, ಕಳೆದ ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದೀರಾ ಎಂಬುದು. ಇಲ್ಲವೆಂದರೆ ಏಕಿಲ್ಲವೆಂದು ತಿಳಿಸುವ ಒಂದು ಗುರುತನ್ನು ಹಾಕಬೇಕಿತ್ತು. ವಿದ್ಯಾರ್ಥಿಗೆ ಒಂದು ಗುರುತು, ಭಿಕ್ಷುಕರಿಗೆ ಒಂದು, ಮನೆವಾರ್ತೆ ನೋಡಿಕೊಳ್ಳುವವರಿಗೆ ಒಂದು. ಅವರೆಲ್ಲರೂ ಕೆಲಸ ಮಾಡದವರ ಪಟ್ಟಿಯವರೇ.

ಊರಿನ ಕೊನೆಯಲ್ಲಿ ಒಂದು ಹಂಚಿನ ಮನೆ. ನಾನು ಹೋದಾಗ ಆ ಮನೆಯಾಕೆ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಇನ್ನೂ ಇಳಿಸಿರಲಿಲ್ಲ. "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದೆ. ಹೊರೆಯನ್ನು ಇಳಿಸುತ್ತಲೇ ಆಕೆ, "ನಂದೇನ್ ಕೆಲ್ಸ ಬಿಡಿ ಮೇಷ್ಟ್ರೆ, ಮನೇಲೇ ಇದೀನಿ" ಎಂದಳು. ಜಗಲಿಯ ಮೇಲೆ ಕುಳಿತಿದ್ದ ಗಂಡ ತಲೆಯಾಡಿಸಿದ. ನಾನು ಮನೆವಾರ್ತೆಯ ಗುರುತು ಹಾಕಿ ಮುಂದಿನ ಮನೆಗೆ ನಡೆದೆ. ಸುಗ್ಗಿಯಲ್ಲಿ ಆಕೆ ಕೂಲಿಗೆ ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಇನ್ನೆರಡು ಮಾತು ಕೇಳಿದ್ದರೆ ಅದಾದರೂ ಲೆಕ್ಕಕ್ಕೆ ಬರುತ್ತಿತ್ತು. ಕೇಳಲಿಲ್ಲ, ಏಕೆಂದರೆ ಆ ಸಂಜೆ ನನಗೆ ಇನ್ನೂ ಹನ್ನೊಂದು ಮನೆಗಳು ಬಾಕಿಯಿದ್ದವು.

ಆಕೆಯ ಮಗಳು ನನ್ನ ತರಗತಿಯಲ್ಲೇ ಇದ್ದಳು. ಲೆಕ್ಕದಲ್ಲಿ ಚುರುಕು. ಆದರೆ ವಾರಕ್ಕೆ ಮೂರು ದಿನವಾದರೂ ತಡವಾಗಿ ಬರುವಳು. ಪ್ರಾರ್ಥನೆ ಮುಗಿದು ಹಾಜರಿ ಕೂಗಿದ ಮೇಲೆ ಬಂದವರನ್ನು ಹೊರಗೆ ನಿಲ್ಲಿಸುವುದು ನನ್ನ ಕಟ್ಟುನಿಟ್ಟು. ಆ ಕಟ್ಟುನಿಟ್ಟಿನ ರುಚಿ ಕಂಡವರು ಓದುಗರಲ್ಲಿಯೂ ಅನೇಕರಿದ್ದೀರಿ.

ಮುಂದಿನ ವರ್ಷ ಹಳ್ಳಿಗೆ ಹಾಲಿನ ಸೊಸೈಟಿ ಬಂತು. ಬಡ ಕುಟುಂಬಗಳಿಗೆ ಹಸು ಕೊಳ್ಳಲು ಸಾಲ ಮತ್ತು ಸಹಾಯಧನ ದೊರೆಯುತ್ತಿತ್ತು. ಆಗಿನ ಲೆಕ್ಕದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 3,500 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಬಡ ಕುಟುಂಬ. ಆ ಮನೆಯವರ ಅರ್ಜಿಯನ್ನು ತುಂಬಿಕೊಟ್ಟವನು ನಾನೇ. ಸೀಮೆಹಸು ಬಂತು. ಹಾಲಿನ ಹಣ ಹದಿನೈದು ದಿನಕ್ಕೊಮ್ಮೆ ಕೈಸೇರತೊಡಗಿತು. ಒಂದೆರಡು ವರ್ಷದಲ್ಲಿ ಆ ಕುಟುಂಬ ಬಡತನದ ಗೆರೆಯನ್ನು ದಾಟಿಯೇ ಇರಬೇಕು. ಆದರೆ ಹಸುವಿಗೆ ಹುಲ್ಲು ಬೇಕು, ನೀರು ಬೇಕು, ಕೊಟ್ಟಿಗೆ ಬಳಿಯಬೇಕು, ಸಗಣಿ ತಿಪ್ಪೆಗೆ ಸೇರಬೇಕು, ಎರಡು ಹೊತ್ತು ಹಾಲು ಡೈರಿಗೆ ಮುಟ್ಟಬೇಕು. ತಾಯಿಯ ಹೊತ್ತು ಹಿಂದೆಯೇ ತುಂಬಿ ತುಳುಕುತ್ತಿತ್ತು. ಹೊಸ ಕೆಲಸಕ್ಕೆ ಹೊತ್ತು ಬೇಕಾದಾಗ ಅದು ಸಿಕ್ಕಿದ್ದು ಮಗಳ ಬಳಿ. ದಸರೆಯ ರಜೆ ಕಳೆದು ಶಾಲೆ ತೆರೆದಾಗ ಹುಡುಗಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ.

ಬಡತನದ ಗೆರೆಯೊಂದು ಹೇಗೆ ಹುಟ್ಟಿತು, ಅದನ್ನು ಎಳೆದವರು ಏನನ್ನು ಎಣಿಸಿದರು, ಏನನ್ನು ಬಿಟ್ಟರು ಎಂಬ ಕುತೂಹಲ ನನಗೆ ಅಂಟಿಕೊಂಡದ್ದು ನಿವೃತ್ತನಾದ ಮೇಲೆ. ಆ ಇತಿಹಾಸವನ್ನು ಓದುತ್ತ ಹೋದಂತೆಲ್ಲ ಈ ಮನೆ ನನ್ನ ಕಣ್ಣೆದುರಿಗೆ ಬಂದು ನಿಂತಿದೆ.

ನಮ್ಮ ದೇಶದ ಬಡತನವನ್ನು ಮೊದಲು ಅಂಕಿಗಳಲ್ಲಿ ಹಿಡಿದಿಟ್ಟವರು ದಾದಾಭಾಯಿ ನವರೋಜಿ. 1876ರಲ್ಲಿ ಅವರು ಮುಂಬಯಿಯಲ್ಲಿ ಓದಿದ ಪ್ರಬಂಧದಲ್ಲಿ ಬ್ರಿಟಿಷ್ ಇಂಡಿಯಾದ ತಲಾ ವರಮಾನ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಲೆಕ್ಕ ಹಾಕಿದರು. ಒಬ್ಬ ಮನುಷ್ಯ ಜೀವ ಹಿಡಿದಿರಲು ಎಷ್ಟು ಬೇಕೆಂಬುದಕ್ಕೆ ಅವರು ಹಿಡಿದ ಅಳತೆಗೋಲು ಸೆರೆಮನೆ. ಕೈದಿಯೊಬ್ಬನ ಊಟ ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ಖರ್ಚು ಕೂಡ ಈ ತಲಾ ವರಮಾನಕ್ಕಿಂತ ಹೆಚ್ಚೆಂದು ತೋರಿಸಿ, ಆಳುವವರ ಬಾಯಿ ಕಟ್ಟಿದರು. ಎಂತಹ ಬುದ್ಧಿವಂತಿಕೆ! ಆದರೆ ನನಗೆ ಇಲ್ಲಿ ಇನ್ನೊಂದು ವಿಚಾರ ಹೊಳೆಯುತ್ತದೆ. ಸೆರೆಮನೆಯಲ್ಲಿ ಬೀಸುಕಲ್ಲು ತಿರುಗಿಸುವುದು ಕಠಿಣ ಸಜೆಯ ಕೆಲಸಗಳಲ್ಲೊಂದಾಗಿತ್ತು. ಅದೇ ಬೀಸುಕಲ್ಲನ್ನು ನಮ್ಮ ಅಜ್ಜಿಯರು ಯಾವ ಅಪರಾಧವನ್ನೂ ಮಾಡದೆ ಪ್ರತಿ ದಿನ ಕೋಳಿ ಕೂಗುವ ಮುನ್ನ ತಿರುಗಿಸುತ್ತಿದ್ದರು. ಸೆರೆಮನೆಯ ದಫ್ತರದಲ್ಲಿ ಅದು ದುಡಿಮೆ, ಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲ.

ನವರೋಜಿಯವರ ಬರಹಗಳು ಗ್ರಂಥರೂಪದಲ್ಲಿ ಬಂದದ್ದು 1901ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಸೀಬೋಮ್ ರೌನ್‌ಟ್ರೀ ಎಂಬಾತ ಯಾರ್ಕ್ ಪಟ್ಟಣದ ಬಡತನದ ಬಗ್ಗೆ ಪುಸ್ತಕ ಪ್ರಕಟಿಸಿದ. ಗಂಡ, ಹೆಂಡತಿ, ಮೂವರು ಮಕ್ಕಳ ಸಂಸಾರಕ್ಕೆ ವಾರಕ್ಕೆ 21 ಶಿಲಿಂಗ್ 8 ಪೆನ್ಸ್ ಇಲ್ಲದಿದ್ದರೆ ಅದು ಬಡತನ ಎಂದು ಗೆರೆ ಎಳೆದ. ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿಯೂ 1962ರಲ್ಲಿ ಒಂದು ಕಾರ್ಯತಂಡ ತಲೆಗೆ ತಿಂಗಳಿಗೆ 20 ರೂಪಾಯಿ ಎಂದಿತು. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ಅವರು 2,250 ಕ್ಯಾಲೊರಿಯ ಆಧಾರದ ಮೇಲೆ ಲೆಕ್ಕ ಹಾಕಿದರು. 1979ರ ತಜ್ಞರ ತಂಡ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿ ಎಂದು ನಿಗದಿ ಮಾಡಿತು. ಆಮೇಲೆ ಲಕ್ಡಾವಾಲಾ, ತೆಂಡೂಲ್ಕರ್, ರಂಗರಾಜನ್ ಸಮಿತಿಗಳು. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ಹಳ್ಳಿಯವರಿಗೆ ತಿಂಗಳಿಗೆ 816 ರೂಪಾಯಿ ಎಂದಾಗ ಪತ್ರಿಕೆಗಳಲ್ಲಿ ಎಷ್ಟು ಗದ್ದಲವಾಯಿತೆಂಬುದು ನಿಮಗೂ ನೆನಪಿರಬಹುದು. ಗದ್ದಲವೆಲ್ಲ ಎಷ್ಟು ರೂಪಾಯಿ ಎಂಬುದರ ಸುತ್ತ. ಆ ರೂಪಾಯಿಯಲ್ಲಿ ಕೊಂಡ ರಾಗಿ ತನ್ನಷ್ಟಕ್ಕೆ ತಾನೇ ಮುದ್ದೆಯಾಗುವುದಿಲ್ಲವಲ್ಲ, ಸೌದೆ ನಡೆದು ಬರುವುದಿಲ್ಲವಲ್ಲ ಎಂದು ಕೇಳಿದವರು ಕಡಿಮೆ. 2,400 ಕ್ಯಾಲೊರಿ ಹೊಟ್ಟೆಗೆ ಸೇರಬೇಕಾದರೆ ಯಾರೋ ಒಬ್ಬರು ದಿನದ ಹಲವು ಗಂಟೆಗಳನ್ನು ತೆತ್ತಿರಬೇಕು.

ಅಮೆರಿಕದ ಗೆರೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಮಾಲಿ ಓರ್ಶಾನ್‌ಸ್ಕಿ ಎಂಬ ಸರ್ಕಾರಿ ನೌಕರೆ 1963ರಿಂದ 1965ರ ನಡುವೆ ಒಂದು ಸರಳ ಸೂತ್ರ ಕಂಡುಹಿಡಿದರು. ಕೃಷಿ ಇಲಾಖೆ ತಯಾರಿಸಿದ್ದ ಅತ್ಯಂತ ಮಿತವ್ಯಯದ ಆಹಾರಪಟ್ಟಿಯ ಬೆಲೆಯನ್ನು ಮೂರರಿಂದ ಗುಣಿಸುವುದು, ಅಷ್ಟೇ. 1969ರಲ್ಲಿ ಅದೇ ಸರ್ಕಾರದ ಅಧಿಕೃತ ಗೆರೆಯಾಯಿತು. ಆ ಅಗ್ಗದ ಪಟ್ಟಿ ಕೈಗೂಡಬೇಕಾದರೆ ಎಲ್ಲ ಹೊತ್ತಿನ ಅಡುಗೆಯೂ ಮನೆಯಲ್ಲೇ ಆಗಬೇಕು, ಅಡುಗೆ ಮಾಡುವವಳು ಜಾಣೆಯಾಗಿರಬೇಕು, ಆಕೆಗೆ ಹೊತ್ತೂ ಇರಬೇಕು. ಇಡೀ ದಿನ ಹೊರಗೆ ದುಡಿಯುವ ಒಂಟಿ ತಾಯಿಗೂ ಗೆರೆ ಅದೇ.

ಈ ತೊಡಕಿನ ಮೇಲೆ ಬೆರಳಿಟ್ಟವರು ಕ್ಯಾಲಿಫೋರ್ನಿಯಾದ ಅರ್ಥಶಾಸ್ತ್ರಜ್ಞೆ ಕ್ಲೇರ್ ವಿಕರಿ. 1977ರಲ್ಲಿ ಅವರು ಬರೆದ ಲೇಖನದ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಸಂಸಾರವೆಂಬುದು ನಡೆಯುವುದು ಎರಡು ಬಗೆಯ ಬಂಡವಾಳದಿಂದ, ಹಣ ಮತ್ತು ಹೊತ್ತು. ಒಂದು ಕಡಿಮೆಯಾದರೆ ಇನ್ನೊಂದರಿಂದ ಸ್ವಲ್ಪ ಮಟ್ಟಿಗೆ ತುಂಬಿಸಬಹುದು. ಹಣವಿದ್ದರೆ ಆಳು ಇಟ್ಟುಕೊಳ್ಳಬಹುದು, ಹೊತ್ತಿದ್ದರೆ ಕೈಯಾರೆ ಮಾಡಿಕೊಳ್ಳಬಹುದು. ಆದರೆ ಎರಡಕ್ಕೂ ಒಂದೊಂದು ತಳವಿದೆ, ಅದಕ್ಕಿಂತ ಕೆಳಗೆ ಇಳಿಯಲಾಗದು. ಆದ್ದರಿಂದ ಬಡತನಕ್ಕೆ ಒಂದು ಗೆರೆ ಸಾಲದು, ಹಣದ ಗೆರೆ ಒಂದು, ಹೊತ್ತಿನ ಗೆರೆ ಇನ್ನೊಂದು ಬೇಕು. ವಾರಕ್ಕೆ 168 ಗಂಟೆ ಎಂಬುದು ಅರಸನಿಗೂ ಆಳಿಗೂ ಒಂದೇ. ಅದರಲ್ಲಿ ನಿದ್ದೆ, ಸ್ನಾನ, ಊಟಕ್ಕೆ ಬೇಕಾದದ್ದನ್ನು ಕಳೆಯಿರಿ. ಮನೆ ನಡೆಯಲು ಬೇಕೇ ಬೇಕಾದ ಗಂಟೆಗಳನ್ನು ಕಳೆಯಿರಿ. ಉಳಿದದ್ದರಲ್ಲಿ ಮಾತ್ರ ಸಂಪಾದನೆಗೆ ಹೋಗಲು ಸಾಧ್ಯ.

ಅಮೆರಿಕದ ಪತ್ರಿಕೆಯಲ್ಲಿ ಇಂತಹ ಲೇಖನ ಬಂದ ಕಾಲದಲ್ಲಿಯೇ, ಅದರ ಸಂಬಂಧವೇ ಇಲ್ಲದೆ, ನಮ್ಮ ಪಕ್ಕದಲ್ಲಿಯೂ ಜನರ ಹೊತ್ತನ್ನು ಅಳೆಯುವ ಕೆಲಸ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದ್ದರು. ಅಸ್ತ್ರ ಒಲೆಯ ಹೆಸರನ್ನು ನಿಮ್ಮ ತಾಯಂದಿರು ಕೇಳಿಯೇ ಇರುತ್ತಾರೆ. ಆ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ ಎಂದು ಲೆಕ್ಕ ತೆಗೆದರು. ಅವರು ಹುಡುಕಿ ಹೋದದ್ದು ಸೌದೆ, ಸೀಮೆಎಣ್ಣೆ, ಎತ್ತಿನ ಬಲಗಳ ಲೆಕ್ಕವನ್ನು. ಅದರೊಡನೆ ಕೈಗೆ ಬಂದದ್ದು ಮನುಷ್ಯರ ಹೊತ್ತಿನ ಲೆಕ್ಕ. ಆ ಆರರಲ್ಲಿ ಒಂದಾದ ಪುರ ಎಂಬ ಹಳ್ಳಿಯಲ್ಲಿ ಸರಾಸರಿ ಮನೆಯೊಂದು ಸೌದೆ ಆಯುವುದಕ್ಕೆ ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಹೊತ್ತನ್ನು, ಸುಮಾರು 5 ಕಿಲೋಮೀಟರ್ ನಡಿಗೆಯನ್ನು ವ್ಯಯಿಸುತ್ತಿತ್ತು. ನೀರು ತರುವುದಕ್ಕೆ ಮತ್ತೆ ಒಂದೂವರೆ ಗಂಟೆ. ಇನ್ನೂ ಒಲೆ ಹೊತ್ತಿಸಿಲ್ಲ ಎಂಬುದನ್ನು ಮರೆಯಬೇಡಿ.

ಈ ಅಂಕಿಅಂಶಗಳ ಆಧಾರದ ಮೇಲೆ ಶ್ರೀಲತಾ ಬಾಟ್ಲಿವಾಲಾ ಅವರು 1982ರಲ್ಲಿ ಒಂದು ಲೇಖನ ಬರೆದರು. ದುಡಿಮೆಯ ಒಟ್ಟು ಹೊತ್ತಿನಲ್ಲಿ ಹೆಂಗಸರ ಪಾಲು ಶೇಕಡ 53, ಗಂಡಸರದು 31, ಮಕ್ಕಳದು 16. ಹೆಂಗಸರ ಸೊರಗಿಗೆ ಅನ್ನ ಕಡಿಮೆಯಾದದ್ದಷ್ಟೇ ಕಾರಣವಲ್ಲ, ತಿಂದದ್ದೆಲ್ಲ ಸೌದೆ ನೀರುಗಳ ದಾರಿಯಲ್ಲೇ ಕರಗಿಹೋಗುತ್ತದೆ, ಆದ್ದರಿಂದ ಆ ದುಡಿಮೆಯನ್ನು ತಗ್ಗಿಸುವುದೂ ಪೌಷ್ಟಿಕತೆಯ ಕಾರ್ಯಕ್ರಮವೇ ಎಂಬುದು ಅವರ ವಾದ. ಮಕ್ಕಳ ಆ 16ರ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ನನ್ನ ತರಗತಿಯ ಹೊರಗೆ ನಿಂತಿರುತ್ತಿದ್ದದ್ದು ಆ 16ರ ಒಂದು ಚೂರು.

ಪುರದ ಕಥೆಯ ಮುಂದಿನ ಭಾಗವೂ ಹೇಳತಕ್ಕದ್ದೇ. ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಅಡುಗೆಗೆ ಅನಿಲ ಕೊಡಬೇಕೆಂಬುದು ಮೊದಲ ಯೋಚನೆ. ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲ ಮನೆಯ ಅಡುಗೆಗೆ ಸಾಕಾಗಲಿಲ್ಲ. 1987ರಲ್ಲಿ ಯೋಜನೆಯನ್ನು ಬದಲಾಯಿಸಿ, ಅದೇ ಅನಿಲದಿಂದ ಯಂತ್ರ ಓಡಿಸಿ ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹಾಯಿಸಿದರು, ದೀಪ ಬೆಳಗಿಸಿದರು. ನಲ್ಲಿ ಬಂದ ಮನೆಗೆ ಒಂದು ಪೈಸೆಯ ವರಮಾನವೂ ಹೆಚ್ಚಲಿಲ್ಲ. ರೂಪಾಯಿಯ ಗೆರೆಯಲ್ಲಿ ಅವರು ನಿನ್ನೆ ಎಲ್ಲಿದ್ದರೋ ಇಂದೂ ಅಲ್ಲೇ. ನಮ್ಮ ಹಳ್ಳಿಯ ಹಸು ಮಾಡಿದ್ದಕ್ಕೆ ಇದು ನೇರ ತಿರುವುಮುರುವು. ಒಂದು ಕಡೆ ವರಮಾನ ಏರಿ ಹೊತ್ತು ಕರಗಿತು, ಇನ್ನೊಂದು ಕಡೆ ವರಮಾನ ನಿಂತಲ್ಲೇ ನಿಂತು ಹೊತ್ತು ಉಳಿಯಿತು. ಎರಡರಲ್ಲಿ ಯಾವುದು ಬಡತನವನ್ನು ಕಡಿಮೆ ಮಾಡಿತೆಂದು ನನ್ನನ್ನು ಕೇಳಿದರೆ, ಹಸುವಿನ ಅರ್ಜಿ ತುಂಬಿದ ಕೈ ಸ್ವಲ್ಪ ತಡೆಯುತ್ತದೆ.

ಇದಕ್ಕೂ ಸ್ವಲ್ಪ ಮುಂಚೆ, ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು ಮಾಲಿನಿ ಚಂದ್ ಅವರೊಡನೆ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನಚರಿಯನ್ನು ಗಮನಿಸಿ ಬರೆದಿಟ್ಟಿದ್ದರು. ಸರ್ಕಾರಿ ಲೆಕ್ಕದಲ್ಲಿ 'ಮನೆವಾರ್ತೆ' ಎಂದು ಬದಿಗಿಟ್ಟವರಲ್ಲಿ ಎಷ್ಟೋ ಮಂದಿ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಗಳಿಕೆಯ ಕೆಲಸವನ್ನೇ ಮಾಡುತ್ತಿದ್ದರೆಂದು ಅವರು ತೋರಿಸಿಕೊಟ್ಟರು. 1991ರ ಜನಗಣತಿಯ ಪ್ರಶ್ನೆಯಲ್ಲಿ ಹೊಲದ ಅಥವಾ ಮನೆತನದ ಉದ್ಯಮದ ಸಂಬಳವಿಲ್ಲದ ಕೆಲಸವೂ ಸೇರಿ ಎಂಬ ಮಾತು ಸೇರಿಕೊಂಡಿತು. ಹತ್ತು ವರ್ಷ ಮೊದಲೇ ಆ ಮಾತು ಅಚ್ಚಾಗಿದ್ದರೆ ನಾನು ಇನ್ನೆರಡು ಪ್ರಶ್ನೆ ಕೇಳುತ್ತಿದ್ದೆನೇನೋ. ಅಥವಾ ಹನ್ನೊಂದು ಮನೆಗಳ ಅವಸರದಲ್ಲಿ ಆಗಲೂ ಕೇಳುತ್ತಿರಲಿಲ್ಲವೇನೋ.

ನಮ್ಮ ಸರ್ಕಾರ ಜನರ ಹೊತ್ತನ್ನು ದೊಡ್ಡ ಪ್ರಮಾಣದಲ್ಲಿ ಅಳೆದದ್ದು 1998-99ರಲ್ಲಿ, ಅದೂ ಆರು ರಾಜ್ಯಗಳಲ್ಲಿ ಮಾತ್ರ. ಕರ್ನಾಟಕ ಅವುಗಳಲ್ಲಿರಲಿಲ್ಲ. ದೇಶವ್ಯಾಪಿ ಸಮೀಕ್ಷೆಗೆ 2019ರವರೆಗೆ ಕಾಯಬೇಕಾಯಿತು, ಮತ್ತೆ 2024ರಲ್ಲಿ ಎರಡನೆಯದು ನಡೆಯಿತು. ಈ ಸಮೀಕ್ಷೆಯ ದಿನ ಆರಂಭವಾಗುವುದು ಬೆಳಗಿನ ಜಾವ ನಾಲ್ಕು ಗಂಟೆಗೆ. ನಾಲ್ಕರಿಂದ ಮರುದಿನದ ನಾಲ್ಕರವರೆಗೆ ಅರ್ಧರ್ಧ ಗಂಟೆಯಾಗಿ ಸೀಳಿ, ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ 2019ರಲ್ಲಿ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, 2024ರಲ್ಲಿ 289 ನಿಮಿಷ. ಹತ್ತು ನಿಮಿಷ ಉಳಿಯಿತು, ಸಂತೋಷ. ಗಂಡಸರು ಅದನ್ನು ಹೊತ್ತುಕೊಂಡರೆಂದು ಮಾತ್ರ ಭಾವಿಸಬೇಡಿ, ಅವರದೂ 97ರಿಂದ 88ಕ್ಕೆ ಇಳಿದಿದೆ.

ಆದರೆ ಹೊತ್ತನ್ನು ಅಳೆಯುವುದು ಬೇರೆ, ಅದನ್ನು ಬಡತನದ ಗೆರೆಯೊಳಗೆ ತರುವುದು ಬೇರೆ. ವಿಕರಿಯವರ ದಾರಿಯನ್ನು ಮುಂದುವರಿಸಿದವರು ನ್ಯೂಯಾರ್ಕ್ ರಾಜ್ಯದ ಲೆವಿ ಅರ್ಥಶಾಸ್ತ್ರ ಸಂಸ್ಥೆಯವರು. ಅಜಿತ್ ಜಕರಿಯಾಸ್, ರಾನಿಯಾ ಆಂಟನೋಪೌಲೋಸ್, ಥಾಮಸ್ ಮಾಸ್ಟರ್‌ಸನ್ ಎಂಬ ಮೂವರು 2012ರಲ್ಲಿ ಅರ್ಜೆಂಟೈನಾ, ಚಿಲಿ, ಮೆಕ್ಸಿಕೋ ದೇಶಗಳಿಗೆ ಹೊಸ ಅಳತೆಯನ್ನು ಸಿದ್ಧಪಡಿಸಿಕೊಟ್ಟರು. ಒಂದು ಸಂಸಾರಕ್ಕೆ ವಾರದಲ್ಲಿ ಎಷ್ಟು ಗಂಟೆ ಕೊರತೆ ಬೀಳುತ್ತದೆಂದು ನೋಡಿ, ಆ ಗಂಟೆಗಳಿಗೆ ಮನೆಗೆಲಸದ ಆಳಿನ ಕೂಲಿದರದಲ್ಲಿ ಬೆಲೆ ಕಟ್ಟಿ, ಆ ಹಣವನ್ನು ಬಡತನದ ಗೆರೆಗೆ ಕೂಡಿಸುತ್ತಾರೆ. ಆಗ ಗೆರೆ ಆ ಮನೆಯ ಮಟ್ಟಿಗೆ ಮೇಲೇರುತ್ತದೆ. ಈ ಲೆಕ್ಕದಲ್ಲಿ ಮೆಕ್ಸಿಕೋದಲ್ಲಿ ಬಡತನದ ಪ್ರಮಾಣ ಸುಮಾರು ಶೇಕಡ 41ರಿಂದ 50ಕ್ಕೆ ಏರಿತು. ಆ ವ್ಯತ್ಯಾಸದವರು ಹೊಸದಾಗಿ ಬಡವರಾದವರಲ್ಲ, ಹಿಂದೆ ಕಣ್ಣಿಗೆ ಬೀಳದಿದ್ದವರು.

ಈ ಮೂವರು ವಿಕರಿಯವರ ಲೆಕ್ಕದಲ್ಲಿ ಒಂದು ತಿದ್ದುಪಡಿ ಮಾಡಿದ್ದಾರೆ, ಅದು ನನಗೆ ಬಹಳ ಹಿಡಿಸಿತು. ವಿಕರಿ ಮನೆಯ ದೊಡ್ಡವರ ಹೊತ್ತನ್ನೆಲ್ಲ ಒಂದೇ ರಾಶಿಗೆ ಹಾಕಿದ್ದರು. ಹಾಗೆ ಹಾಕಿದರೆ ಜಗಲಿಯ ಮೇಲೆ ಕುಳಿತ ಗಂಡನ ಬಿಡುವು, ಹೊರೆ ಹೊತ್ತ ಹೆಂಡತಿಯ ಕೊರತೆಯನ್ನು ಕಾಗದದ ಮೇಲೆ ತುಂಬಿಬಿಡುತ್ತದೆ. ಲೆವಿ ಸಂಸ್ಥೆಯವರು ಒಬ್ಬೊಬ್ಬರ ಕೊರತೆಯನ್ನೂ ಬೇರೆ ಬೇರೆಯಾಗಿಯೇ ನೋಡಿದರು. ಗಂಡ ಕುಳಿತಿದ್ದ ಮಾತ್ರಕ್ಕೆ ಹೆಂಡತಿಗೆ ಹೊತ್ತು ಸಿಕ್ಕಂತಾಗುವುದಿಲ್ಲ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ, ನಿಜ. ಆದರೂ ಲೆಕ್ಕದ ಸೂತ್ರದೊಳಗೆ ಅದು ಬರುವುದಕ್ಕೆ ಮೂವತ್ತೈದು ವರ್ಷ ಹಿಡಿಯಿತು.

ನಮ್ಮಲ್ಲಿ ಇನ್ನೊಂದು ಕಿಟಕಿಯಿಂದ ಹೊತ್ತು ಒಳಗೆ ಇಣುಕಿದೆ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಬಹುಆಯಾಮದ ಬಡತನ ಸೂಚ್ಯಂಕದಲ್ಲಿ, ಕುಡಿಯುವ ನೀರಿಗೆ ಹೋಗಿಬರಲು ಅರ್ಧ ಗಂಟೆ ಅಥವಾ ಹೆಚ್ಚು ನಡೆಯಬೇಕಾದ ಮನೆಯನ್ನು ನೀರಿನ ವಂಚಿತ ಮನೆ ಎಂದು ಎಣಿಸಿದ್ದಾರೆ. ಅಳತೆ ದೂರದ್ದಲ್ಲ, ನಿಮಿಷದ್ದು.

ಇಷ್ಟು ಓದಿದ ಮೇಲೆ ನನ್ನ ಬಂಧುಗಳಲ್ಲಿ ಕೆಲವರು ನಗುತ್ತಿರಬಹುದು. ಬೆಂಗಳೂರಿನ, ಅಮೆರಿಕದ ನಮ್ಮ ಹುಡುಗರು ಫೋನಿನಲ್ಲಿ ಮೊದಲು ಹೇಳುವ ಮಾತೇ "ಟೈಮೇ ಇಲ್ಲ ದೊಡ್ಡಪ್ಪ" ಎಂದು. ಹಾಗಾದರೆ ಅವರೂ ಬಡವರೇ? ಅಲ್ಲ. ಅವರ ಮನೆಗಳಲ್ಲಿ ಅಡುಗೆಯವರಿದ್ದಾರೆ, ಬಟ್ಟೆ ಒಗೆಯುವ ಯಂತ್ರವಿದೆ, ತರಕಾರಿ ಬಾಗಿಲಿಗೆ ಬರುತ್ತದೆ. ಕೊರತೆ ಬಿದ್ದ ಗಂಟೆಯನ್ನು ಕೊಂಡೂ ಅವರ ಬಳಿ ಹಣ ಉಳಿಯುತ್ತದೆ. ಕೊಳ್ಳಲು ಹೋದರೆ ಊಟದ ಹಣಕ್ಕೇ ಕೈ ಹಾಕಬೇಕಾದವರದು ಬೇರೆ ಮಾತು. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ, ಫೋನ್ ಮಾತ್ರ ಮಾಡುತ್ತಿರಿ.

ಕಳೆದ ಯುಗಾದಿಯ ಮರುದಿನ ನನಗೊಂದು ಕರೆ ಬಂತು. ಹಳೆಯ ವಿದ್ಯಾರ್ಥಿಯೊಬ್ಬರಿಂದ ನಂಬರು ಪಡೆದು ಮಾತನಾಡಿದವಳು ಆ ಹಂಚಿನ ಮನೆಯ ಹುಡುಗಿ. ಹುಡುಗಿ ಎನ್ನುತ್ತಿದ್ದೇನೆ, ಈಗ ಆಕೆಗೆ ಮೊಮ್ಮಗುವಿದೆ. ಮಗಳು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳಂತೆ. ಮಾತಿನ ನಡುವೆ ಮಗಳ ದಿನಚರಿಯನ್ನು ಕೇಳಿಕೊಂಡು, ಆಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ವಿಕರಿಯವರ ಲೆಕ್ಕ ಹಾಕಿದೆ. ನಿದ್ದೆ, ಸ್ನಾನ, ಊಟಕ್ಕೆ ದಿನಕ್ಕೆ 10 ಗಂಟೆಯಂತೆ 70. ಕಾರ್ಖಾನೆಯಲ್ಲಿ ಎಂಟೂವರೆ ಗಂಟೆಯಂತೆ ಆರು ದಿನಕ್ಕೆ 51. ಬಸ್ಸಿಗೆ ಕಾದು ಹೋಗಿಬರಲು ದಿನಕ್ಕೆ ಎರಡರಂತೆ 12. ಅಡುಗೆ, ಪಾತ್ರೆ, ಬಟ್ಟೆ, ನಲ್ಲಿಯಲ್ಲಿ ನೀರು ಬಂದಾಗ ತುಂಬಿಸಿಡುವುದು, ಎಲ್ಲ ಸೇರಿ ದಿನಕ್ಕೆ ಐದರಂತೆ 35. ಕೂಡಿದರೆ 168. ಇದರಲ್ಲಿ ಮಗುವನ್ನು ನೋಡಿಕೊಳ್ಳುವ ಗಂಟೆ ಒಂದೂ ಇಲ್ಲ. ಆ ಗಂಟೆಗಳನ್ನು ಹಾಕುತ್ತಿರುವವಳು ನನ್ನ ವಿದ್ಯಾರ್ಥಿನಿ. ಅದಕ್ಕೆಂದೇ ಊರು ಬಿಟ್ಟು ಬಂದಿದ್ದಾಳೆ. ಸಂಬಳ ಬರುವ ಆ ಮನೆ ಸರ್ಕಾರದ ಗೆರೆಯಿಂದ ಮೇಲಿದೆ. ಅಜ್ಜಿಯ ಗಂಟೆಗಳನ್ನು ತೆಗೆದು ಆಳಿನ ಕೂಲಿ ಕೂಡಿಸಿ ನೋಡಿದರೆ ಮೇಲಿರುತ್ತದೆಯೇ ಎಂಬುದನ್ನು ನಾನು ಲೆಕ್ಕ ಮಾಡಲು ಹೋಗಲಿಲ್ಲ.

ಅಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಅಂದು ಕೇಳಿಯೇಬಿಟ್ಟೆ. "ನಿನ್ನನ್ನು ಹೊರಗೆ ನಿಲ್ಲಿಸ್ತಿದ್ದೆನಲ್ಲಮ್ಮ, ನೆನಪಿದೆಯಾ?"

"ಯಾಕಿಲ್ಲ ಮೇಷ್ಟ್ರೆ, ಆ ಹೊಂಗೆ ಮರದ ಕೆಳಗೆ. ತಣ್ಣಗಿರೋದು. ಒಂದ್ ಗಳಿಗೆ ಸುಮ್ನೆ ನಿಂತ್ಕೊಳಾಕೆ ಸಿಗ್ತಿತ್ತಲ್ಲ" ಎಂದಳು. ಮತ್ತೇನೋ ಹೇಳುವುದರಲ್ಲಿದ್ದಳು. ಆ ಕಡೆಯಿಂದ ಮಗು ಎದ್ದು ಅಳುವುದು ಕೇಳಿಸಿತು. "ಇಡ್ತೀನಿ ಮೇಷ್ಟ್ರೆ, ಇನ್ನೊಂದ್ ದಿನ ಮಾಡ್ತೀನಿ" ಎಂದು ಫೋನಿಟ್ಟಳು.